ಫ್ರೆಂಚರಿಗೂ ಬೀಗತನ ಹಚ್ಚಿದ ನಮ್ಮ ಕಾಕಾ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಾಕಾ ನನ್ನ ಕಾಕಾ ಅಲ್ಲ! ನನ್ನ ಅಪ್ಪನಿಗೆ ತಮ್ಮಂದಿರೇ ಇರಲಿಲ್ಲ. ಇದ್ದವರು ಇಬ್ಬರು ಅಕ್ಕಂದಿರು, ಅವರು ಅಪ್ಪನನ್ನು ತಿದ್ದುವುದರಲ್ಲೇ ತಮ್ಮ ಆಯುಷ್ಯ ಕಳೆದರು. ಆದರೂ ದುಬೈಯಲ್ಲಿ ನನಗೊಬ್ಬರು ಕಾಕಾ ಇದ್ದಾರೆ. ಧಾರವಾಡದ ನಾನು ಮದುವೆಯಾಗಿ ಈ ಊರಿಗೆ ಬಂದಿಳಿದಾಗ, ವಿಮಾನ ನಿಲ್ದಾಣದಲ್ಲಿ ನನ್ನ ಗಂಡನಿಗಿಂತ ಮುಂದೆ ನಿಂತು ಕೈ ಬೀಸಿದವರು ಅವರೇ. ನನ್ನ ಗಂಡನಿಗೂ ಅವರು ಕಾಕಾ, ನನ್ನ ಮಗಳಿಗೂ ಕಾಕಾ, ನಮ್ಮ ಕಟ್ಟಡದ ವಾಚ್‌ಮನ್ನಿಗೂ ಕಾಕಾ. ಇದರಿಂದ ಬೇರೆ ಯಾರಿಗೂ ತೊಂದರೆಯಿಲ್ಲ, ತೊಂದರೆಯಿರುವುದು ಕಾಕಾಗೆ ಮಾತ್ರ!

"ಅವ್ವಗೂ ಕಾಕಾ, ಮಗಳಿಗೂ ಕಾಕಾ! ತಲಿಮಾರು ಅಂತ ಒಂದು ಇರತೈತೋ ಇಲ್ಲೋ? ಆಕಿ ನನಗ ಅಜ್ಜ ಅನಬೇಕವಾ!" ಎಂದು ಅವರು ನನ್ನ ಮಗಳ ಮೇಲೆ ಆಗಾಗ ದೂರು ಕೊಡುತ್ತಿದ್ದರು.

ನನ್ನ ಮಗಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. "ಕಾಕಾ ಈಸ್ ಕಾಕಾ" ಎಂದು ಒಂದೇ ಮಾತಿನಲ್ಲಿ ಇಡೀ ವಂಶವೃಕ್ಷವನ್ನು ಬುಡಸಮೇತ ಕಡಿದು ಹಾಕುತ್ತಿದ್ದಳು.

ಇದು ಕಾಕಾಗೆ ಯಾಕಿಷ್ಟು ದೊಡ್ಡ ವಿಷಯ ಎಂದರೆ, ಅವರ ಚಟವೇ ಸಂಬಂಧ ಹಚ್ಚುವುದು. ಕೆಲವರಿಗೆ ಊಟದ ಮೇಲೆ ಎಲೆ ಅಡಿಕೆ ಬೇಕು. ಕಾಕಾಗೆ ಎದುರಿಗಿರುವವರು ಯಾರಿಗೆ ಏನಾಗಬೇಕು ಎಂದು ಗೊತ್ತಾಗದಿದ್ದರೆ ಊಟವೇ ಇಳಿಯುವುದಿಲ್ಲ. "ಜಗತ್ತಿನಾಗ ಯಾರೂ ಯಾರಿಗೂ ಏನೂ ಅಲ್ಲ ಅನ್ನೂದು ಇಲ್ಲವಾ. ಹುಡುಕಬೇಕಷ್ಟ" ಎಂಬುದು ಅವರ ಸಿದ್ಧಾಂತ. ಹುಡುಕದೆ ಬಿಟ್ಟವರೂ ಅಲ್ಲ!

ಒಮ್ಮೆ ನಮ್ಮ ಲಿಫ್ಟಿನಲ್ಲಿ ಮೇಲಿನ ಮಹಡಿಯ ಫಿಲಿಪ್ಪೀನೋ ಹುಡುಗಿಯೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಕಾಕಾ ಸುಮ್ಮನಿರುತ್ತಾರೆಯೇ? "ಯುವರ್ ಬೇಬಿ?" ಎಂದರು. ಅಲ್ಲ, ಅಕ್ಕನ ಮಗು ಎಂದಳು ಅವಳು. ಕಾಕಾನ ಮುಖ ಹಬ್ಬವಾಯಿತು. "ಅಂದ್ರ ನೀ ಚಿಗವ್ವ! ಚಿಗವ್ವ ಆಗಬೇಕು ನೀ ಈ ಕೂಸಿಗೆ!" ಎಂದು ನೆಲಮಹಡಿ ಬರುವಷ್ಟರಲ್ಲಿ ಅವಳ ಬಾಯಲ್ಲಿ ಆ ಪದ ಹೇಳಿಸಿಯೇ ಬಿಟ್ಟರು. ಮಗುವಿಗೆ ಅದೇ ಕಾಲಕ್ಕೆ ಮಾತು ಬರುತ್ತಿತ್ತು ನೋಡಿ, ಆ ಪದ ಅದರ ನಾಲಿಗೆಗೆ ಅಂಟಿಕೊಂಡಿತು. ಈಗ ಮನಿಲಾದಿಂದ ಅಜ್ಜ ಅಜ್ಜಿ ಫೋನು ಮಾಡಿದರೆ ಮಗು ತನ್ನ ಮಾವಶಿಯನ್ನು ತೋರಿಸಿ "ಚಿಗವ್ವ, ಚಿಗವ್ವ" ಅನ್ನುತ್ತದಂತೆ. ಅವರು ಅದು ಯಾವುದೋ ಅರಬ್ಬೀ ಪದ ಎಂದು ತಿಳಿದಿದ್ದಾರೆ!

ದುಬೈಯ ನೈಫ್ ಬಜಾರಿನಲ್ಲಿ ಪುತ್ತೂರಿನ ಬ್ಯಾರಿ ಸಾಹೇಬರದೊಂದು ಸೂಟ್‌ಕೇಸ್ ಅಂಗಡಿಯಿದೆ. ಅಲ್ಲಿ ಕಾಕಾ ಬೆಲೆ ಕೇಳುವ ಮೊದಲು ಊರು ಕೇಳಿದರು. ಪುತ್ತೂರು ಎಂದ ಕೂಡಲೇ ಅಂಗಡಿಯ ಸ್ಟೂಲು ಎಳೆದುಕೊಂಡು ಕೂತರು. ಕಾಕಾನ ಊರಾದ ಗದಗಿನ ಗೆಳೆಯನೊಬ್ಬನ ಮಗ ಪುತ್ತೂರಿನ ಹುಡುಗಿಯನ್ನು ಮದುವೆಯಾಗಿದ್ದಾನೆ. ಆದ್ದರಿಂದ ಪುತ್ತೂರಿಗೆ ಪುತ್ತೂರೇ ಹೆಣ್ಣಿನ ಕಡೆ. ಆದ್ದರಿಂದ ಸಾಹೇಬರು ಬೀಗರು! ಸಾಹೇಬರು ನಕ್ಕು ಸುಲೈಮಾನಿ ಚಹಾ ತರಿಸಿದರು. ಚಹಾ ಕುಡಿದಾದ ಮೇಲೆ ಕಾಕಾ ಸೂಟ್‌ಕೇಸಿನ ಬೆಲೆಯನ್ನು ಅರ್ಧಕ್ಕೆ ಕೇಳಿದರು.

"ಎಂಥ ಮಾರಾಯ್ರೆ, ಈಗಷ್ಟೇ ಬೀಗರು ಅಂತ ಹೇಳಿದ್ರಲ್ಲ? ಬೀಗರ ಹತ್ರ ಯಾರಾದ್ರೂ ಚೌಕಾಸಿ ಮಾಡ್ತಾರಾ?"

"ಬೀಗರ ಹತ್ರ ಮಾಡದ ಮತ್ತ್ಯಾರ ಹತ್ರ ಮಾಡಬೇಕ್ರಿ ಸಾಹೇಬ್ರ? ಹೊರಗಿನವರ ಹತ್ರ ಮಾಡಿದ್ರ ಮರ್ಯಾದಿ ಹೋಗತೈತಿ!"

ಅಬುಧಾಬಿಯ ಪ್ರಸಂಗವನ್ನಂತೂ ಹೇಳದಿದ್ದರೆ ನನಗೇ ಪಾಪ ಬಂದೀತು. ಅಲ್ಲಿ ನಮ್ಮ ಪರಿಚಯದವರ ಮಗನ ನಿಶ್ಚಿತಾರ್ಥವಿತ್ತು. ನಮ್ಮ ಜೊತೆ ಕಾಕಾನೂ ಬಂದಿದ್ದರು. ಹಾಲ್ ತಲುಪಿದ ಮೇಲೆ ನಾನು ಹೆಂಗಸರ ನಡುವೆ ಕಳೆದುಹೋದೆ. ಮತ್ತೆ ನೋಡುತ್ತೇನೆ, ಕಾಕಾ ವೇದಿಕೆಯ ಮೇಲಿದ್ದಾರೆ! ಗಂಡಿನ ಕಡೆಯವರು ಅವರನ್ನು ಹೆಣ್ಣಿನ ಕಡೆಯ ಹಿರಿಯರೆಂದೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯ ಹಿರಿಯರೆಂದೂ ತಿಳಿದು, ಎರಡೂ ಕಡೆಯಿಂದ ಟೊಪ್ಪಿಗೆ ಟವೆಲ್ಲಿನ ಆಹೇರಿ ಮಾಡಿದ್ದರು. ಒಂದು ಟೊಪ್ಪಿಗೆಯ ಮೇಲೆ ಇನ್ನೊಂದು ಟೊಪ್ಪಿಗೆ ಇಟ್ಟುಕೊಂಡು ಕಾಕಾ ಅಕ್ಷತೆ ಹಾಕುತ್ತಿದ್ದರು. ವಾಪಸು ಬರುವಾಗ ಗಾಡಿಯಲ್ಲಿ ನನ್ನ ಗಂಡ, "ಕಾಕಾ, ಖರೇ ಹೇಳ್ರಿ, ಅವರೆಲ್ಲ ನಿಮಗ ಏನಾಗಬೇಕು?" ಎಂದು ಕೇಳಿದರು.

"ನಿನ್ನಿ ತನಕ ಏನೂ ಆಗತಿದ್ದಿಲ್ಲರಿ ಅಳಿಯಂದ್ರ. ಇವತ್ತಿಂದ ಎಲ್ಲಾ ಆಗತಾರ!"

ಹಾಗಾದರೆ ಅವರು ನನಗೆ ಕಾಕಾ ಆದದ್ದು ಹೇಗೆ? ಅದು ಒಂದು ಮಂಚದ ಕತೆ.

ನನ್ನ ಅಪ್ಪನೂ ಒಂದು ಕಾಲದಲ್ಲಿ ಇಲ್ಲೇ ದುಬೈಯಲ್ಲಿದ್ದು, ನೈಫ್‌ನ ಅರಿವೆ ಅಂಗಡಿಯಲ್ಲಿ ಹಗಲು ಕೆಲಸ ಮಾಡುತ್ತಿದ್ದರು. ಕಾಕಾ ದೇರಾದ ಮೀನು ಮಾರುಕಟ್ಟೆಯ ಮಂಜುಗಡ್ಡೆ ಗೋದಾಮಿನಲ್ಲಿ ರಾತ್ರಿ ಕೆಲಸ ಮಾಡುತ್ತಿದ್ದರು. ಈರುಳ್ಳಿಗಿಂತ ಘಾಟಿನದೇನನ್ನೂ ತಿನ್ನದ ಮನುಷ್ಯ! ಅವರು ಮೀನು ತಿನ್ನಲಿಲ್ಲ, ಮೀನಿನ ವಾಸನೆ ಅವರನ್ನು ತಿಂದು ಹಾಕಿತು. ದೇರಾದ ಒಂದು ಖೋಲಿಯಲ್ಲಿ ಒಂದು ಮಂಚಕ್ಕೆ ಮಾತ್ರ ಬಾಡಿಗೆ ಕೊಡುವ ತಾಕತ್ತು ಇಬ್ಬರಿಗೂ ಇತ್ತು, ಅದೂ ಸೇರಿ ಕೊಟ್ಟರೆ. ಸೇರಿ ಕೊಟ್ಟರು. ಅಪ್ಪ ಎದ್ದು ಅಂಗಡಿಗೆ ಹೊರಟರೆ ಕಾಕಾ ಗೋದಾಮಿನಿಂದ ಬಂದು ಮಲಗುವುದು. ಕಾಕಾ ಎದ್ದು ಹೋದರೆ ಅಪ್ಪ ಬಂದು ಮಲಗುವುದು. ಅಪ್ಪ ದಿಂಬಿನ ಹತ್ತಿರ ಊದಿನಕಡ್ಡಿ ಹಚ್ಚಿಟ್ಟು, ಅದು ಉರಿದು ಮುಗಿದ ಮೇಲೆಯೇ ತಲೆ ಇಡುತ್ತಿದ್ದರಂತೆ.

"ನಮ್ಮ ಅಣ್ಣ ಎದ್ದು ಹೋದ ಹಾಸಿಗಿ ಇನ್ನೂ ಬೆಚ್ಚಗ ಇರತಿತ್ತವಾ" ಎಂದು ಕಾಕಾ ನನ್ನ ಮಗಳಿಗೆ ಹೇಳುತ್ತಿದ್ದರು. "ಆ ಹಾಸಿಗಿ ತಣ್ಣಗಾಗಿದ್ದನ್ನ ನಾ ಒಮ್ಮೆನೂ ನೋಡಲಿಲ್ಲ. ಒಂದ ಹೊಟ್ಯಾಗ ಹುಟ್ಟಿದವರು ಅಣ್ಣ ತಮ್ಮ ಆಗತಾರ. ಒಂದ ಹಾಸಿಗ್ಯಾಗ ಪಾಳಿ ಮ್ಯಾಲೆ ಮಲಗಿದವರು ಯಾಕ ಆಗಬಾರದು?"

ಇಬ್ಬರಿಗೂ ರಜೆಯಿದ್ದದ್ದು ಶುಕ್ರವಾರ ಒಂದೇ. ಆ ದಿನ ಮಂಚದ ಮೇಲೆ ಯಾರೂ ಮಲಗುತ್ತಿರಲಿಲ್ಲ, ಇಬ್ಬರೂ ಕೂತು ಮಾತಾಡುತ್ತಿದ್ದರು. ಈ ದೇಶದ ವಾರದ ರಜೆ ಶನಿವಾರ ಭಾನುವಾರಕ್ಕೆ ಸರಿದು ಕೆಲವು ವರ್ಷಗಳಾದವು. ಕಾಕಾ ಮಾತ್ರ ಸರಿಯಲಿಲ್ಲ. ಅಪ್ಪ ಊರಿಗೆ ಮರಳಿದರು, ಕೆಲವು ವರ್ಷಗಳ ಮೇಲೆ ತೀರಿಕೊಂಡರು, ಹಿಂದೆಯೇ ಅವ್ವನೂ ಹೋದಳು. ಕಾಕಾ ಮಾತ್ರ ಶುಕ್ರವಾರ ಬಂತೆಂದರೆ ರೊಟ್ಟಿ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದರು. ನಾವು ಕೆಲಸದಿಂದ ಬರುವ ತನಕ ವಾಚ್‌ಮನ್ನನ ಕುರ್ಚಿಯಲ್ಲಿ ಕೂತು ಅವನ ಪೇಶಾವರದ ಮನೆತನವನ್ನೆಲ್ಲ ಬಾಯಿಪಾಠ ಮಾಡುತ್ತಿದ್ದರು.

ಇಷ್ಟೊಂದು ಸಂಬಂಧ ಹಚ್ಚುವ ಮನುಷ್ಯ ತಾವು ಯಾಕೆ ಮದುವೆಯಾಗಲಿಲ್ಲ? ಅದಕ್ಕೆ ಕಾರಣ ಆಷಾಢ! ದುಬೈಯಲ್ಲಿ ವ್ಯಾಪಾರ ತಣ್ಣಗಾಗುವುದು ಸುಡುಬೇಸಿಗೆಯಲ್ಲಿ. ಯಜಮಾನರು ರಜೆ ಕೊಡುವುದೂ ಆಗಲೇ. ಕಾಕಾ ಗದಗಿಗೆ ಹೋಗಿ ಇಳಿದರೆ ಅಲ್ಲಿ ಆಷಾಢ. ಆಷಾಢದಲ್ಲಿ ಯಾರು ಕನ್ಯೆ ತೋರಿಸುತ್ತಾರೆ? "ಶ್ರಾವಣ ಬರಲಿ, ನೋಡೋಣು" ಅನ್ನುತ್ತಿದ್ದರಂತೆ ಹಿರಿಯರು. ಶ್ರಾವಣ ಬರುವಷ್ಟರಲ್ಲಿ ಕಾಕಾ ಮತ್ತೆ ಮಂಜುಗಡ್ಡೆಯ ಮುಂದೆ ನಿಂತಿರುತ್ತಿದ್ದರು. ಹಾಗೆ ಆಷಾಢಗಳು ಬಂದು ಹೋದವು. ಕನ್ಯೆಯ ಮಾತಿರಲಿ, ದುಬೈಗೆ ಬಂದ ಮೇಲೆ ಅವರು ಊರಿನ ಒಂದು ನಾಗರ ಪಂಚಮಿಯನ್ನೂ ಕಂಡಿಲ್ಲ.

ಈಗ ಆ ಕಾಕಾ ದುಬೈ ಬಿಡುವ ಕಾಲ ಬಂದಿತ್ತು. ಮೀನು ಮಾರುಕಟ್ಟೆ ಬಿಟ್ಟ ಮೇಲೆ ಅವರು ಅಲ್ ಕೂಜ್‌ನ ಟೈಲ್ಸ್ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಯಜಮಾನರು ಅದನ್ನು ಮುಚ್ಚಿದರು. ಕೆಲಸ ಹೋದರೆ ವೀಸಾ ಹೋಯಿತು. ಈ ವಯಸ್ಸಿನಲ್ಲಿ ಹೊಸ ಕೆಲಸ ಯಾರು ಕೊಡುತ್ತಾರೆ? "ನಮ್ಮ ವೀಸಾದ ಮೇಲೆ ಇಟ್ಟುಕೊಳ್ಳಲು ಬರುತ್ತದೋ ಕೇಳೋಣ" ಎಂದು ನನ್ನ ಗಂಡ ಕಾಕಾನನ್ನೂ ನನ್ನನ್ನೂ ಕರೆದುಕೊಂಡು ಟೈಪಿಂಗ್ ಸೆಂಟರಿಗೆ ಹೋದರು. ಇಲ್ಲಿ ವೀಸಾದ ಕಾಗದಪತ್ರ ಮಾಡಿಕೊಡುವ ಅಂಗಡಿಗಳಿಗೆ ಹಾಗನ್ನುತ್ತಾರೆ. ಕೂತಿದ್ದ ಮಲಯಾಳಿ ಹುಡುಗ ಬಹಳ ಮರ್ಯಾದೆಯಿಂದಲೇ ಮಾತಾಡಿದ.

"ರಿಲೇಷನ್ ಕ್ಯಾ ಹೈ ಸಾರ್?"

"ಅಂಕಲ್" ಎಂದರು ನನ್ನ ಗಂಡ.

"ಮೇಡಂ ಕಾ ಫಾದರ್ಸ್ ಬ್ರದರ್? ಮದರ್ಸ್ ಬ್ರದರ್?"

ಅದೇ ಪ್ರಶ್ನೆ! ಕಾಕಾ ಜೀವನವಿಡೀ ಕಂಡಕಂಡವರಿಗೆಲ್ಲ ಕೇಳಿದ ಅದೇ ಪ್ರಶ್ನೆ ಮೇಜಿನ ಆಚೆಯಿಂದ ಅವರಿಗೇ ಬಂತು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಉತ್ತರ ಕೊಟ್ಟುಬಿಟ್ಟರು. "ನಹೀಂ ಬೇಟಾ. ಕುಛ್ ನಹೀಂ. ಜಾನ್ ಪೆಹಚಾನ್ ಹೈ, ಬಸ್."

ಸ್ವಂತ ಅಂಕಲ್ ಆದರೂ ಬರುವುದಿಲ್ಲ, ಅಪ್ಪ ಅಮ್ಮ ಅತ್ತೆ ಮಾವರನ್ನು ಮಾತ್ರ ಇಟ್ಟುಕೊಳ್ಳಬಹುದು ಎಂದು ಹುಡುಗ ಸಮಾಧಾನ ಮಾಡುತ್ತಿದ್ದ. ಕಾಕಾ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಕೇಳಿಸಿಕೊಂಡದ್ದು ತಮ್ಮದೇ ಉತ್ತರವನ್ನು. ಬರೀ ಪರಿಚಯ! ಇಡೀ ಪುತ್ತೂರನ್ನು ಬೀಗರು ಮಾಡಿಕೊಂಡ ಮನುಷ್ಯ ನಮ್ಮ ಮನೆಗೆ ಬರೀ ಪರಿಚಯದವರಾಗಿ ಹೊರಗೆ ಬಂದರು.

ಅಂದಿನಿಂದ ಶುಕ್ರವಾರದ ಊಟ ನಿಂತಿತು. ಫೋನು ಮಾಡಿದರೆ "ಪ್ಯಾಕಿಂಗ್ ಐತಿ" ಅನ್ನುತ್ತಿದ್ದರು. ಒಂದು ಖೋಲಿಯ ಮನುಷ್ಯನಿಗೆ ಎಷ್ಟು ಪ್ಯಾಕಿಂಗ್ ಇದ್ದೀತು? ಒತ್ತಾಯ ಮಾಡಿ ಒಂದು ದಿನ ಕರೆತಂದೆವು. ಲಿಫ್ಟಿನಲ್ಲಿ ಆ ಮಗು ಅವರನ್ನು ಕಂಡು "ಚಿಗವ್ವ" ಎಂದು ತೊದಲಿದರೆ ಸುಮ್ಮನೆ ನಕ್ಕರು. ಅದರ ಪಕ್ಕದಲ್ಲಿ ಹೊಸ ಮುಖವೊಂದಿತ್ತು. ಯಾರು ಏನು ಎಂದು ಕೇಳಲೇ ಇಲ್ಲ! ಹೋಗುವಾಗ, "ಏರ್‌ಪೋರ್ಟಿಗೆ ನೀವು ಬರಾಕ ಹೋಗಬ್ಯಾಡ್ರಿ. ಟ್ಯಾಕ್ಸಿ ಮಾಡಿಕೊಂಡು ಹೋಗತೀನಿ. ನಿಮಗ್ಯಾಕ ತ್ರಾಸು" ಎಂದರು. ಅಪ್ಪ ತೀರಿಕೊಂಡಾಗ ನನ್ನನ್ನು ಹಿಡಿದುಕೊಂಡು ಅತ್ತ ಮನುಷ್ಯ ಈ ಮಾತು ಹೇಳಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವರು ಹೋಗುವುದನ್ನು ತಡೆಯಲು ನಮ್ಮಿಂದ ಆಗುವುದಿಲ್ಲ, ಸರಿ. ಆದರೆ ಯಾರಿಗೂ ಏನೂ ಅಲ್ಲದವರಂತೆ ಹೋಗಬೇಕೇ?

ಈ ಸ್ಥಿತಿಯಲ್ಲಿ ನಮ್ಮ ಮನೆಗೆ ಫ್ರೆಂಚರು ಬಂದರು.

ನನ್ನ ಮಗಳಿಗೆ ಶಾಲೆಯಲ್ಲಿ ಎರಡನೇ ಭಾಷೆ ಫ್ರೆಂಚ್. ಒಂದು ಹಳೇ ಕಾಲದ ಕತೆಯ ಫ್ರೆಂಚ್ ಸಿನಿಮಾ ನೋಡಿ, ಅದರಲ್ಲಿರುವ ಕುಟುಂಬದ ಸಂಬಂಧಗಳ ಬಗ್ಗೆ ತರಗತಿಯಲ್ಲಿ ಮಾತಾಡಬೇಕೆಂದು ಟೀಚರು ಹೇಳಿದ್ದರು. ಅವಳು ನನ್ನನ್ನೂ ಕೇಳದೆ, ಅಪ್ಪನನ್ನೂ ಕೇಳದೆ ನೇರವಾಗಿ ಕಾಕಾಗೆ ಫೋನು ಹಚ್ಚಿದಳು.

"ಕಾಕಾ, ಐ ನೀಡ್ ಹೆಲ್ಪ್. ಒಂದು ಬಿಗ್ ಫ್ಯಾಮಿಲಿ ಐತಿ. ಹೂ ಈಸ್ ಹೂ ಅಂತ ನಂಗ ತಿಳಿಯಾಂಗಿಲ್ಲ."

ಅತ್ತ ಕಡೆಯಿಂದ ಸಣ್ಣ ದನಿ ಬಂತು. "ಎಷ್ಟು ಮಂದಿ ಅದಾರು?"

"ಟ್ವೆಂಟಿ ಇರಬಹುದು."

"ಇಪ್ಪತ್ತು ಮಂದಿ!" ಕಾಕಾನ ದನಿಯಲ್ಲಿ ಜೀವ ಬಂದದ್ದು ಸ್ಪೀಕರಿನಲ್ಲಿ ನಮಗೂ ಕೇಳಿಸಿತು. "ಒಬ್ಬಾಕಿಗೇ ನಿನಗ ಹೆಂಗ ಆದೀತು. ಬರತೀನಿ."

ಆ ಸಿನಿಮಾ ತೋರಿಸುತ್ತಿದ್ದದ್ದು ಅಲ್ ಕೂಜ್‌ನಲ್ಲಿ, ಗೋದಾಮುಗಳ ನಡುವೆ. ಈಗ ಅಲ್ಲಿ ಕೆಲವು ಗೋದಾಮುಗಳಿಗೆ ಬಣ್ಣ ಬಳಿದು ಚಿತ್ರ ಪ್ರದರ್ಶನ, ಕಾಫಿ, ಸಿನಿಮಾ ಎಲ್ಲ ಮಾಡುತ್ತಾರೆ. ಒಳಗೆ ಕಾಲಿಟ್ಟ ಕಾಕಾ ಮೇಲೆ ಕೆಳಗೆ ನೋಡಿದರು. "ಇಂಥಾದ್ರಾಗ ನಾವು ಟೈಲ್ಸ್ ಇಳಸತಿದ್ವಿ. ಆಗ ಒಳಗ ಬರಾಕ ತಲಿಗೆ ಹೆಲ್ಮೆಟ್ ಹಾಕಬೇಕಿತ್ತು. ಈಗ ಟಿಕೆಟ್ ತಗೀಬೇಕು!" ಎಂದು ವೆಲ್ವೆಟ್ ಕುರ್ಚಿಯಲ್ಲಿ ಕಾಲು ಮಡಚಿ ಕೂತರು. ನನ್ನ ಗಂಡ ಪಾಪ್‌ಕಾರ್ನ್ ತಂದುಕೊಟ್ಟರು.

"ಅಳ್ಳು!" ಎಂದರು ಕಾಕಾ ಡಬ್ಬಿಯೊಳಗೆ ಮೂಗು ಇಟ್ಟು. "ಪಂಚಮಿ ಇನ್ನೂ ದೂರ ಐತಲ್ಲರಿ, ಈಗ್ಯಾಕ ಅಳ್ಳು ಹುರದಾರ ಇವರು?"

ನಮ್ಮ ಕಡೆ ನಾಗರ ಪಂಚಮಿ ಎಂದರೆ ಜೋಳದ ಅಳ್ಳು, ಉಂಡಿ, ಜೋಕಾಲಿ, ಮತ್ತು ತವರು. ಎಷ್ಟೇ ವಯಸ್ಸಾದ ಹೆಣ್ಣುಮಗಳಿಗೂ ಆ ಹಬ್ಬಕ್ಕೆ ತವರಿನಿಂದ ಕರೆ ಬರಬೇಕು. ಅಪ್ಪ ಅವ್ವ ಹೋದ ಮೇಲೆ ನನಗೆ ಆ ಕರೆ ಬಂದಿಲ್ಲ. ಕರೆಯಲು ಅಲ್ಲಿ ಯಾರೂ ಇಲ್ಲ. ಇದನ್ನು ನಾನು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಂಡೆ.

ಸಿನಿಮಾ ಶುರುವಾಯಿತು. ದ್ರಾಕ್ಷಿ ತೋಟದ ನಡುವೆ ದೊಡ್ಡದೊಂದು ಮನೆ, ಕುದುರೆ ಗಾಡಿಗಳು, ಕಸ ಗುಡಿಸಿಕೊಂಡೇ ನಡೆಯುವಷ್ಟು ಉದ್ದದ ಲಂಗಗಳು. ಊಟದ ಮೇಜಿನ ಈ ತುದಿಯಲ್ಲಿ ಕೂತವರಿಗೆ ಆ ತುದಿಯವರು ಕಾಣುವುದಿಲ್ಲ. "ಇಷ್ಟು ದೊಡ್ಡ ಮನಿ! 'ಇನ್ನೊಂದೀಟು ಹಾಕಿಸಿಕೋರಿ' ಅಂತ ಒಬ್ಬರರ ಅಂದ್ರೇನು?" ಎಂದು ಕಾಕಾ ಮೊದಲ ಆಕ್ಷೇಪ ಎತ್ತಿದರು. ಮನ್ನಿಸೋಣ. ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತಿದ್ದವು. ಕಾಕಾನ ಇಂಗ್ಲಿಷ್ ಟೈಲ್ಸ್ ಡಬ್ಬಿಯ ಮೇಲೆ ನಿಂತ ಅಕ್ಷರಗಳಿಗೆ ಸಾಕು, ಓಡುವ ಅಕ್ಷರಗಳಿಗೆ ಸಾಲದು. ಮಗಳು ಕಿವಿಯಲ್ಲಿ ಹೇಳುತ್ತಿದ್ದಳು.

"ಇಂವ ಯಾರು, ಮೀಸಿಯಾಂವ?"

"ಅಂಕಲ್."

"ತಂದಿ ಕಡಿಂದೋ, ತಾಯಿ ಕಡಿಂದೋ?"

"ಕಾಕಾ, ಜಸ್ಟ್ ಅಂಕಲ್!"

"ಜಸ್ಟ್ ಅಂಕಲ್ ಅಂತ ಒಂದು ಸಂಬಂಧ ಇರತೈತೇನ ಜಗತ್ತಿನಾಗ?"

ಈ ಪ್ರಶ್ನೆ ಹಗುರದ್ದಲ್ಲ ಎಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಆ ಮನೆಯ ಮಗಳಿಗೆ, ಮೀಸೆಯ ಅಂಕಲ್ಲಿನ ಮಗನ ಮೇಲೆ ಪ್ರೀತಿ! ಇಬ್ಬರೂ ದ್ರಾಕ್ಷಿ ಬಳ್ಳಿಯ ಮರೆಯಲ್ಲಿ ನಿಂತು ನಿಟ್ಟುಸಿರು ಬಿಡುತ್ತಾರೆ. ಕಾಕಾ ಕಣ್ಣು ಮುಚ್ಚಿಕೊಂಡರು.

"ಲಗೂನ ನೋಡಿ ಹೇಳವಾ. ಮೀಸಿಯಾಂವ ಆಕಿಗೆ ಸ್ವಾದರಮಾವ ಆಗಿದ್ರ ಹುಡುಗ ವರಸಿಯಾಂವ, ನಾಳೇನ ಲಗ್ನ ಮಾಡಬಹುದು. ಕಾಕಾ ಆಗಿದ್ರ ಹುಡುಗ ಅಣ್ಣ ಆಗತಾನ! ಅಂವಗ ನಾಕು ಬಡದು ಊರಿಗೆ ಕಳಸಬೇಕು. ನಾ ಕಣ್ಣ ತೆರೀಲೋ ಬ್ಯಾಡೋ?"

ಮಗಳು ಕಷ್ಟಪಟ್ಟು ಪತ್ತೆ ಹಚ್ಚಿದಳು. ಮೀಸೆಯವನು ತಾಯಿಯ ಅಣ್ಣ. ಕಾಕಾ ಕಣ್ಣು ತೆರೆದು ಎದೆ ಮುಟ್ಟಿಕೊಂಡರು. "ಗೆದ್ವಿ!" ಆದರೆ ಪರದೆಯ ಮೇಲೆ ಯಾರಿಗೂ ಗೆದ್ದ ಕಳೆ ಇರಲಿಲ್ಲ. ಹುಡುಗಿ ಅತ್ತಳು, ತಾಯಿ ಅತ್ತಳು, ಹುಡುಗ ಕುದುರೆ ಹತ್ತಿ ಮಳೆಯಲ್ಲಿ ಹೊರಟ. ಇದನ್ನು ಕಾಕಾಗೆ ಸಹಿಸಲಾಗಲಿಲ್ಲ. "ಸ್ವಾದರಮಾವನ ಮಗ ಮನಿ ಬಾಗಲಕ ಬಂದು ನಿಂತಾನ, ಅಳೂದ್ಯಾಕ ಇವರು? ತಿಳಿದವರು ಒಬ್ಬರ ಇಲ್ಲೇನು ಆ ಊರಾಗ!" ನಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದ ಬೆಳ್ಳಿಗೂದಲಿನ ಬಿಳಿಯ ಹೆಂಗಸೊಬ್ಬಳು ತಿರುಗಿ ನೋಡಿದಳು. ನಾನು ಸೀಟಿನಲ್ಲಿ ಕುಸಿದು ಕೂತೆ.

ಆದರೆ ಮನಸ್ಸು ಮಾತ್ರ ಹಗುರವಾಗಿತ್ತು. ಕಾಕಾ ಮತ್ತೆ ಕೇಳುತ್ತಿದ್ದಾರೆ! ಒಬ್ಬೊಬ್ಬರನ್ನೇ ಹಿಡಿದು ಅವರು ಆ ಫ್ರೆಂಚ್ ಮನೆತನವನ್ನು ಅತ್ತಿ, ನಾದಿನಿ, ನೆಗೆಣ್ಣಿ, ಷಡ್ಡಕ ಎಂದು ಸಾಲಾಗಿ ಕೂರಿಸಿದರು. ಉಳಿದವನು ಒಬ್ಬನೇ. ಪ್ರತಿ ಊಟದಲ್ಲೂ ಮೇಜಿನ ಕೊನೆಯಲ್ಲಿ ಕೂತು ಮೆಲ್ಲಗೆ ಸೂಪು ಕುಡಿಯುವ ಒಬ್ಬ ಮುದುಕ. ಮಕ್ಕಳಿಗೆ ಮರದ ಆಟಿಕೆ ಕೆತ್ತಿ ಕೊಡುತ್ತಾನೆ, ಕಾಯಿಲೆಯವರ ಪಕ್ಕ ಕೂರುತ್ತಾನೆ. ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ.

"ಇಂವ ಯಾರು?"

"ಡೋಂಟ್ ನೋ, ಕಾಕಾ. ಅವರು ಹೇಳೇ ಇಲ್ಲ."

"ಹೇಳತಾರ, ತಡಿ" ಎಂದು ಕಾಕಾ ಮುಂದಕ್ಕೆ ಬಾಗಿ ಕೂತರು. ಅಲ್ಲಿಂದ ಮುಂದೆ ಅವರು ಪ್ರೇಮಿಗಳನ್ನು ನೋಡಲೇ ಇಲ್ಲ, ಆ ಮುದುಕನನ್ನೇ ನೋಡಿದರು. ಕೊನೆಯಲ್ಲಿ ಎಲ್ಲ ಸರಿಹೋಯಿತು. ಹುಡುಗ ಮರಳಿ ಬಂದ, ಮದುವೆಯೂ ಆಯಿತು. ಮನೆಮಂದಿಯೆಲ್ಲ ಫೋಟೋ ತೆಗೆಸಿಕೊಳ್ಳಲು ಮೆಟ್ಟಿಲ ಮೇಲೆ ನಿಂತರು. ಆ ಮುದುಕ ಎಲ್ಲರಿಗೂ ಕುರ್ಚಿ ತಂದು ಹಾಕಿದ, ಹೆಂಗಸರ ಟೋಪಿಗಳನ್ನೆಲ್ಲ ಇಸಿದುಕೊಂಡ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತ. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ.

ಕಾಕಾ ಎದ್ದು ನಿಂತರು.

"ಏ! ಅವರನ್ಯಾಕ ಬಿಟ್ರಿ? ಕರೀರಿ ಅವರನ್ನ! ಕರೀರೋ!"

ಫ್ರೆಂಚರಿಗೆ ಕನ್ನಡ ಬರಲಿಲ್ಲ. ಪರದೆಯ ಮೇಲೆ ಬೆಳಕು ಮಿಂಚಿತು, ಫೋಟೋ ಮುಗಿಯಿತು, ಸಿನಿಮಾ ಮುಗಿಯಿತು. ಮುದುಕನನ್ನು ಯಾರೂ ಕರೆಯಲಿಲ್ಲ.

ದೀಪ ಹತ್ತಿದಾಗ ಕಾಕಾ ಇನ್ನೂ ನಿಂತೇ ಇದ್ದರು. "ಎಲ್ಲಾರಿಗೂ ಹಚ್ಚಿದೆ" ಎಂದರು. "ಇವರೊಬ್ಬರಿಗೆ ಹಚ್ಚಾಕ ಆಗಲಿಲ್ಲ ನೋಡು. ಹೋಗಲಿ ಬಿಡು, ಪರಿಚಯದವರು ಇದ್ದಾರು."

ನಾನು ನನ್ನ ಗಂಡನ ಮುಖ ನೋಡಲಿಲ್ಲ, ಅವರು ನನ್ನ ಮುಖ ನೋಡಲಿಲ್ಲ. ಮಗಳು ಮಾತ್ರ ಕಾಕಾನನ್ನೇ ನೋಡುತ್ತಿದ್ದಳು.

ಹೊರಗೆ ಕಾಫಿಯ ಕಟ್ಟೆಯ ಹತ್ತಿರ ಆ ಬೆಳ್ಳಿಗೂದಲಿನ ಹೆಂಗಸು ನಮ್ಮ ಕಡೆ ಬಂದಳು. ಬೈಯುತ್ತಾಳೆಂದು ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು. ನನ್ನ ಮಗಳು ಫ್ರೆಂಚ್ ಕಲಿಯುತ್ತಿದ್ದಾಳೆಂದು ತಿಳಿದು ಅವಳೊಂದಿಗೆ ಫ್ರೆಂಚಿನಲ್ಲೇ ಮಾತಿಗೆ ನಿಂತಳು. ನಡುವೆ ಒಮ್ಮೆ ಕಾಕಾನನ್ನು ತೋರಿಸಿ ಏನನ್ನೋ ಕೇಳಿದಳು. ಮಗಳು ಒಂದು ಗಳಿಗೆಯೂ ಯೋಚಿಸದೆ ಉತ್ತರ ಕೊಟ್ಟಳು. ಆ ಹೆಂಗಸು ಕಾಕಾನ ಕೈ ಹಿಡಿದು ಕುಲುಕಿದಳು.

"ಏನ ಕೇಳಿದ್ರು ಅವರು?" ಎಂದರು ಕಾಕಾ.

"ನೀವು ನಂಗ ಏನಾಗಬೇಕು ಅಂತ."

ಕಾಕಾನ ಮುಖ ಸಣ್ಣಗಾಯಿತು. ಟೈಪಿಂಗ್ ಸೆಂಟರಿನ ಪ್ರಶ್ನೆ ಇಲ್ಲಿಗೂ ಬೆನ್ನು ಹತ್ತಿ ಬಂದಿತ್ತು. "ನೀ ಏನಂದಿ?"

"ಅಜ್ಜ ಅಂದೆ."

ಅಭ್ಯಾಸ ಬಿಟ್ಟೀತೆ? ಕಾಕಾನ ಬಾಯಿಂದ ತಾನಾಗಿಯೇ ಬಂತು. "ಯಾವ ಅಜ್ಜ? ತಂದಿ ಕಡಿಂದೋ, ತಾಯಿ ಕಡಿಂದೋ?"

"ಮಮ್ಮಿ ಕಡಿಂದ" ಎಂದಳು ನನ್ನ ಮಗಳು, ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು. "ಮಮ್ಮಿ ಅಪ್ಪ."

ಕಾಕಾ ತಲೆ ಅಲ್ಲಾಡಿಸಿದರು. "ಹಂಗ ಅನಬಾರದವ್ವಾ. ಆ ಜಾಗಾ ನಮ್ಮ ಅಣ್ಣಂದು."

"ನಂಗ ಗೊತ್ತದ. ಆದ್ರ ಅವರು ಎದ್ದು ಹೋಗ್ಯಾರಲ್ಲ, ಅಜ್ಜಾ? ಈಗ ನಿಮ್ಮ ಪಾಳಿ."

ಇಷ್ಟು ಹೇಳಿ ಅವಳು ಉಳಿದ ಪಾಪ್‌ಕಾರ್ನ್ ತಿನ್ನತೊಡಗಿದಳು. ಕಾಕಾ ನನ್ನ ಕಡೆ ತಿರುಗಿದರು. ಯಾವ ಮನೆಯ ಬಾಗಿಲಲ್ಲೂ ನಿಂತು ಕೇಳದ ಮನುಷ್ಯ, ಎಲ್ಲ ಕಡೆಗೂ ತಾವೇ ನುಗ್ಗಿ ಹೋದ ಮನುಷ್ಯ, ಅಂದು ಕಣ್ಣಿನಲ್ಲೇ ನನ್ನ ಅಪ್ಪಣೆ ಕೇಳಿದರು. ಅಪ್ಪನ ಮುಖ ನೆನಪಾಯಿತು. ಅಪ್ಪ ಇದ್ದಿದ್ದರೆ ಸರಿದು ಜಾಗ ಮಾಡಿಕೊಡುತ್ತಿದ್ದರು, ಮೊದಲೂ ಹಾಗೇ ಮಾಡಿದ್ದರಲ್ಲ. ನಾನು ಹೂಂ ಎಂದು ತಲೆ ಆಡಿಸಿದೆ. ಕಾಕಾ ಮಗಳ ತಲೆಯ ಮೇಲೆ ಕೈಯಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಇಲ್ಲಿ ಮೊದಲು ಫೋರ್ಕ್‌ಲಿಫ್ಟ್ ನಿಲ್ಲುತ್ತಿತ್ತು ಎಂದು ಗೋಡೆಗೆ ಹೇಳುತ್ತಾ ಸ್ವಲ್ಪ ಹೊತ್ತು ಅತ್ತರು.

ಆಮೇಲೆ ಮೂಗು ಒರೆಸಿಕೊಂಡು ಆ ಫ್ರೆಂಚ್ ಹೆಂಗಸಿನ ಕಡೆ ತಿರುಗಿದರು. "ಮೇಡಂ, ಯು ಕಮ್ ಅಲೋನ್? ಬ್ರದರ್? ಸಿಸ್ಟರ್? ಹೌ ಮೆನಿ?" ಆಕೆಗೆ ಮೂವರು ತಂಗಿಯರಂತೆ. ಅವರ ಗಂಡಂದಿರೆಲ್ಲ ಪರಸ್ಪರ ಷಡ್ಡಕರಾಗುತ್ತಾರೆ ಎಂದು ತಿಳಿಸಿ ಹೇಳಲು ಕಾಕಾಗೆ ಬಹಳ ಹೊತ್ತು ಬೇಕಾಯಿತು. ನಮ್ಮ ಕಾಫಿ ತಣ್ಣಗಾಯಿತು.

ಗಾಡಿಯಲ್ಲಿ ದೇರಾದ ಕಡೆ ಹೊರಟೆವು. ಕಾಯಿದೆಯೇನೂ ಬದಲಾಗಿರಲಿಲ್ಲ. ಬೇಸಿಗೆ ಬಲಿಯುವ ಮೊದಲು ಕಾಕಾ ಹೋಗುವವರೇ. ಮುಂದಿನ ಸೀಟಿನಲ್ಲಿದ್ದ ಅವರು ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರ, ಏರ್‌ಪೋರ್ಟಿಗೆ ನೀವ ಬಿಡಬೇಕು ಮತ್ತ. ಟ್ಯಾಕ್ಸಿಯವರಿಗೆ ಸುಮ್ಮನ ಯಾಕ ರೊಕ್ಕ ಕೊಡೂದು?"

"ಆಗಲಿರಿ" ಎಂದರು ನನ್ನ ಗಂಡ.

"ಮಗಳ" ಎಂದು ನನ್ನ ಕಡೆ ತಿರುಗಿದರು.

"ಏನ್ರಿ ಕಾಕಾ?"

"ಪಂಚಮಿಗೆ ಕೂಸಿನ ಸಾಲಿ ಸೂಟಿ ಇರತಾವಲ್ಲ?"

"ಇರತಾವ್ರಿ."

"ಹಂಗಾರ ಈ ಸಲ ಪಂಚಮಿಗೆ ತವರಿಗೆ ಬರಬೇಕು. ಗದಗಿಗೆ. ಮೂರೂ ಮಂದಿ. ನಾನೂ ಊರಿನ ಪಂಚಮಿ ನೋಡಿ ಎಷ್ಟೋ ವರ್ಷ ಆತು. ಅಳ್ಳು ಹುರಿಸಿ ಇಟ್ಟಿರತೀನಿ, ಜೋಕಾಲಿ ಕಟ್ಟಿಸಿರತೀನಿ."

ನಾನು ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತೆ. ಇಷ್ಟು ವರ್ಷಗಳ ಮೇಲೆ ನನ್ನನ್ನು ಯಾರೋ ತವರಿಗೆ ಕರೆದಿದ್ದರು. ನಾನು ಅಳುತ್ತಿರುವುದು ಗೊತ್ತಾಗಬಾರದೆಂದು, ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ.

"ನಾವು ಮೂರು ಮಂದಿ ಬಂದ್ರ ಎಲ್ಲಿ ಮಲಗೂದ್ರಿ? ನಿಮ್ಮ ಗದಗಿನ ಮನಿಯಾಗ ಮಂಚ ಒಂದ ಐತಿ ಅಂತಿದ್ರೆಲ್ಲ?"

"ಒಂದ ಐತಿ. ಅದಕ್ಕೇನಾತು?" ಎಂದರು ಕಾಕಾ. "ಪಾಳಿ ಮ್ಯಾಲೆ ಮಲಗಿದ್ರಾತು. ಮೊದಲನೇ ಪಾಳಿ ನಂದು, ಹಾಸಿಗಿ ಬೆಚ್ಚಗ ಮಾಡಿ ಇಟ್ಟಿರತೀನಿ."